ಮುಡಿಯೋಕೂ ಬಾರದ ಹೂವಿಗೆ ದುಡ್ಡು

ಕೊಡಗಿನಲ್ಲಿ ಹೂದಾನಿಗೆಂದು ಹೂ ಕೊಳ್ಳುವವರನ್ನು ಕಂಡರೆ ಜನ ಒಂಥರಾ ನೋಡುತ್ತಾರೆ. ಬೇಲಿ ತುಂಬ ದಾಸವಾಳ, ಅಂಗಳದಲ್ಲಿ ಡೇಲಿಯಾ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ತೋಟಕ್ಕೆ ತೋಟವೇ ಕಾಫಿ ಹೂ. ದುಡ್ಡು ಕೊಡುವುದೇನಿದ್ದರೂ ಪೂಜೆಯ ಸೇವಂತಿಗೆಗೆ, ಮುಡಿಯುವ ಮಲ್ಲಿಗೆಗೆ. ಇದೆಲ್ಲ ಸರಿಯೇ. ಆದರೆ ಹೀಗೆ ಹೇಳುವವರು ಜುಲೈ ತಿಂಗಳನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಜುಲೈಯಲ್ಲಿ ನಮ್ಮ ಅಂಗಳದ ಡೇಲಿಯಾ ಕೆಸರಲ್ಲಿ ಮಲಗಿರುತ್ತದೆ. ಹೈಡ್ರಾಂಜಿಯಾ ಏನೋ ಅರಳುತ್ತದೆ, ಅರಳಿದ್ದು ನೀರು ಕುಡಿದು ನೆಲಕ್ಕೆ ಬಾಗುತ್ತದೆ. ಒಳಗೆ ಬಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು, ಅದೂ ಕರೆಂಟ್ ಇದ್ದರೆ. ಒಲೆ ಮೇಲಿನ ಹಗ್ಗದಲ್ಲಿ ಬಟ್ಟೆ, ಬೆಲ್ಟಿನ ಮೇಲೆ ಬೂಷ್ಟು. ಇಡೀ ಮನೆಯಲ್ಲಿ ಬಣ್ಣ ಅಂತ ಇರುವುದು ಗೋಡೆಯ ಕ್ಯಾಲೆಂಡರ್ ಒಂದೇ.

ಹೋದ ವರ್ಷ ಅಂಥದೇ ಒಂದು ಶುಕ್ರವಾರ ಕಣಿಲೆ, ಒಣಮೀನು ತರಲೆಂದು ಮಡಿಕೇರಿ ಸಂತೆಗೆ ಹೋಗಿದ್ದೆ. ಬರುವಾಗ ಹೂವಿನ ಅಂಗಡಿ ಮುಂದೆ ಕೊಡೆ ಮಡಚಿ ನಿಂತೆ, ಮಳೆ ಅಷ್ಟು ಜೋರು. ಬಕೆಟ್ಟಿನಲ್ಲಿ ಬರ್ಡ್ ಆಫ್ ಪ್ಯಾರಡೈಸ್ ಕಡ್ಡಿಗಳು ಕತ್ತು ಚಾಚಿ ನಿಂತಿದ್ದವು.

"ತಗೊಳ್ಳಿ ಅಕ್ಕ, ನಿನ್ನೆ ರಾತ್ರಿ ಬಸ್ಸಿಗೆ ಬೆಂಗಳೂರಿಂದ ಬಂದದ್ದು. ಆಷಾಢ ಅಲ್ವಾ, ಮದುವೆ ಡೆಕೋರೇಷನ್ ಒಂದೂ ಇಲ್ಲ. ಕಡಿಮೆ ಮಾಡಿ ಕೊಡ್ತೇನೆ" ಅಂದ ಅಂಗಡಿಯ ಹುಡುಗ. ಶ್ರಾವಣ ಹತ್ತಿ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಇವನೇ ಒಂದು ಮಾರು ಸೇವಂತಿಗೆಗೂ ರೇಟು ಇಳಿಸುವುದಿಲ್ಲ. ಮನೆಗೆ ದುಬಾರಿ ಹೂ ಕೊಳ್ಳುವ ಆಸೆ ಇದ್ದವರಿಗೆ ಆಷಾಢದಂಥ ತಿಂಗಳಿಲ್ಲ. ಬರ್ಡ್ ಆಫ್ ಪ್ಯಾರಡೈಸ್ ಎರಡು, ನೇರಳೆ ಆರ್ಕಿಡ್ ಒಂದು ಕಟ್ಟು, ಕೆಂಪು ಆಂಥೂರಿಯಂ ನಾಲ್ಕು, ಎಲ್ಲ ಸೇರಿ ಏಳುನೂರರ ಹತ್ತಿರ ಆಯಿತು. ಫೋನಿನಲ್ಲಿ ಪ್ರೋಟಿಯಾ ಅನ್ನುವ ದಕ್ಷಿಣ ಆಫ್ರಿಕಾದ ಹೂವನ್ನೂ ತೋರಿಸಿದ. ಒಂದೇ ಕಡ್ಡಿಗೆ ಹೆಚ್ಚುಕಡಿಮೆ ಅಷ್ಟೇ ದುಡ್ಡು. "ಬಾಡಿದ ಮೇಲೂ ಒಣಗಿಸಿ ಇಟ್ಕೊಬಹುದು ಅಕ್ಕ." ನಮ್ಮ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಒಣಗಿಸುವುದಂತೆ! ಬೇಡಪ್ಪಾ ಅಂದೆ.

ಮನೆಯಲ್ಲಿ ಅತ್ತೆ ಕಾಗದ ಬಿಡಿಸಿ ನೋಡಿದರು. "ಇದನ್ನು ಮುಡಿಯೋಕಾಗ್ತದಾ? ದೇವರಿಗೆ ಇಡೋಕಾಗ್ತದಾ? ಮೂಸಿದರೆ ಪರಿಮಳವಾದರೂ ಉಂಟಾ?" ರೇಟು ಕೇಳಿದ ಮೇಲೆ, "ಒಂದು ನಾಟಿಕೋಳಿ ಬರ್ತಿತ್ತಲ್ಲ!"

ಪರಿಮಳದ ಮಾತು ನಿಜ. ಮೂರರಲ್ಲಿ ಒಂದಕ್ಕೂ ಇರಲಿಲ್ಲ. ಮುಡಿಯುವ ಮಲ್ಲಿಗೆ ಮಾರನೇ ದಿನಕ್ಕೆ ಕಂದಿದರೂ ಅದರ ದುಡ್ಡನ್ನು ಯಾರೂ ಲೆಕ್ಕ ಹಾಕುವುದಿಲ್ಲ ಎಂಬ ಮಾತು ನನ್ನ ಬಾಯಿ ತನಕ ಬಂದಿತ್ತು, ನುಂಗಿಕೊಂಡೆ.

ಬಾಳಿಕೆಯ ಮಾತಾದರೆ ಆಂಥೂರಿಯಂ ಬಿಟ್ಟರಿಲ್ಲ. ನಮ್ಮ ಜಿಲ್ಲೆಯಲ್ಲೇ ನೆರಳುಬಲೆಯ ಕೆಳಗೆ ಬೆಳೆಯುತ್ತಾರೆ, ನೀರು ಬದಲಿಸುತ್ತಿದ್ದರೆ ಎರಡು ಮೂರು ವಾರ ಅಲ್ಲಾಡುವುದಿಲ್ಲ. ನಾವು ಹೂವೆನ್ನುವ ಆ ಕೆಂಪು ಹಾಳೆ ಎಸಳಲ್ಲ, ಬಣ್ಣ ಬಂದ ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಸಾಸಿವೆಯಷ್ಟು ಸಣ್ಣದಾಗಿ ಕೂತಿರುತ್ತವೆ. ಆದರೆ ನನಗೆ ಅದು ಹಿಡಿಸಲಿಲ್ಲ. ತಂದ ದಿನ ಹೇಗಿತ್ತೋ ವಾರ ಕಳೆದ ಮೇಲೂ ಹಾಗೇ, ಮೇಲೆ ಧೂಳು ಬೇರೆ. ಎರಡನೇ ದಿನಕ್ಕೇ ಅದು ಅಲ್ಲಿದೆ ಅನ್ನುವುದನ್ನೇ ಮರೆತಿದ್ದೆ. ಕೊಟ್ಟ ದುಡ್ಡನ್ನು ಬಾಳಿದ ದಿನಕ್ಕೆ ಹಂಚಿ ಲಾಭ ನೋಡುವವರಿದ್ದಾರೆ. ಆ ಲೆಕ್ಕಕ್ಕೆ ಪ್ಲಾಸ್ಟಿಕ್ ಹೂವೇ ಗೆಲ್ಲಬೇಕು.

ಆರ್ಕಿಡ್ಡಿನದು ಬೇರೆ ಕಥೆ. ಕಡ್ಡಿಗಳ ಬುಡಕ್ಕೆ ನೀರಿನ ಪುಟ್ಟ ಪುಟ್ಟ ಕೊಳವೆ ಸಿಕ್ಕಿಸಿ ಕಳಿಸಿದ್ದರು, ಅಷ್ಟು ಮುತುವರ್ಜಿ. ನಾನು ಊಟದ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಮಾಡಿಗೆ ಬಾಳೆಗೊನೆ ನೇತುಹಾಕಿತ್ತು, ಹಣ್ಣಾಗುತ್ತಾ ಬಂದಿತ್ತು. ಎರಡೇ ದಿನದಲ್ಲಿ ಮೊಗ್ಗು ಹಳದಿಯಾಗಿ ಉದುರತೊಡಗಿದವು. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ, ಆರ್ಕಿಡ್‌ಗೆ ಅದು ಒಂದಿಷ್ಟು ತಗುಲಿದರೂ ಸಾಕು, ಮುಪ್ಪು ಬಂದಂತೆ ಬಾಡುತ್ತದೆ. ಹಸಿ ಗೊನೆಗೆ ಹೊಗೆ ಹಾಕಿದರೆ ಬೇಗ ಹಣ್ಣಾಗುವುದು ಹೊಗೆಯಲ್ಲಿರುವ ಇದೇ ಅನಿಲದಿಂದ. ಜಗಲಿಯ ತಂಪಿಗೆ ಸಾಗಿಸಿದ ಮೇಲೆ ಉಳಿದವು ಚೇತರಿಸಿಕೊಂಡು ವಾರಕ್ಕೂ ಮೀರಿ ನಿಂತವು. ಬಯಲುಸೀಮೆಯ ಸೆಕೆಯಲ್ಲಿ ಇಷ್ಟು ದಿನ ಬರುತ್ತಿರಲಿಲ್ಲವೇನೋ. ನಮ್ಮ ಮಳೆಗಾಲದಿಂದ ಹೀಗೊಂದು ಉಪಕಾರವೂ ಉಂಟು.

ಆದರೆ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸಿದ್ದು ಬರ್ಡ್ ಆಫ್ ಪ್ಯಾರಡೈಸ್. ಹಸಿರು ಕೊಕ್ಕು, ಕೊಕ್ಕಿನ ಅಂಚಿಗೆ ಕೆಂಪು ಗೆರೆ, ಮೇಲೆ ಕಿತ್ತಳೆ ಬಣ್ಣದ ಮೂರು ಎಸಳು, ನಡುವೆ ಬಾಣದ ಮೊನೆಯಂಥ ಗಾಢ ನೀಲಿ. ನಾಲ್ಕೈದು ದಿನಕ್ಕೆ ಕಿತ್ತಳೆ ಮುದುಡಿತು. ಮುಗಿಯಿತು ಅಂದುಕೊಂಡು ಎಸೆಯಲು ಹೊರಟೆ. ಆಗ ಕೊಕ್ಕನ್ನು ಒತ್ತಿ ನೋಡಿದರೆ ಒಳಗೆ ಇನ್ನೂ ಏನೋ ಗಟ್ಟಿಯಾಗಿ ಸಿಕ್ಕಿತು. ಉಗುರುಬೆಚ್ಚಗಿನ ನೀರಿನಲ್ಲಿ ಕೊಕ್ಕು ಅದ್ದಿಟ್ಟು ಹೆಬ್ಬೆರಳಿನಿಂದ ಸೀಳು ಬಿಡಿಸತೊಡಗಿದೆ. ಒಳಗೆಲ್ಲ ಲೋಳೆಯ ಅಂಟು.

ಕಿಟಕಿ ಹತ್ತಿರ ಹಲಸಿನ ಬೀಜ ಸುಲಿಯುತ್ತಿದ್ದ ಅತ್ತೆಗೆ ನೋಡಿ ಸಹನೆ ತಪ್ಪಿತು. "ಹಾಗೆ ಹಿಸುಕಬೇಡ ಮಾರಾಯ್ತಿ. ಬಾಳೆಮೂತಿ ಬಿಡಿಸೋ ಹಾಗೆ ಬಿಡಿಸು. ಕೊಡಿಲ್ಲಿ." ಮೂತಿಯ ಒಂದೊಂದು ಹಾಳೆಯಡಿಯೂ ಹೂ ಸಾಲಾಗಿ ಮಲಗಿರುವಂತೆ ಇಲ್ಲೂ ಮಡಚಿ ಕೂತಿದ್ದ ಎರಡನೇ ಹೂವನ್ನು ಅವರು ಒಂದು ಎಸಳೂ ಹರಿಯದಂತೆ ಎತ್ತಿ ನಿಲ್ಲಿಸಿದರು. ಕಿತ್ತಳೆ ಇನ್ನೂ ಒದ್ದೆ, ನೀಲಿಯಂತೂ ಮೊದಲಿನದಕ್ಕಿಂತ ಹೊಳಪು. ಇದು ಬಾಳೆಯ ದೂರದ ನೆಂಟನೇ ಹೌದು. ಎಲೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬೀಜ ಹಾಕಿದರೆ ಹೂ ನೋಡಲು ಹಲವು ವರ್ಷ ಕಾಯಬೇಕಂತೆ. ರೇಟಿನ ಗುಟ್ಟು ಅರ್ಧ ಅಲ್ಲೇ ಇದೆ.

ಆಮೇಲೆ ನಮ್ಮನೆಯವರು ಕೂಡ ಕಾಫಿ ಲೋಟ ಹಿಡಿದು ಬಂದು "ಮೂರನೇದು ಬಂತಾ?" ಎಂದು ಕೇಳುವಂತಾಯಿತು. ನಾನು ಈಗಲೂ ಮಳೆಗಾಲದಲ್ಲಿ ಹೂ ಕೊಳ್ಳುತ್ತೇನೆ. ಕಟ್ಟುಗಟ್ಟಲೆ ಅಲ್ಲ, ಒಂದೋ ಎರಡೋ ಕಡ್ಡಿ. ನಾಳೆ ಏನಾಗುತ್ತದೋ ನೋಡೋಣ ಅನ್ನಿಸುವ ಹೂವಾದರೆ ಮಾತ್ರ. ಅಕ್ಟೋಬರ್ ನಂತರ ಬಿಟ್ಟಿ ಹೂವೇ ಇಷ್ಟೊಂದು ಇರುವಾಗ ಒಂದು ರೂಪಾಯಿ ಬಿಚ್ಚುವುದಿಲ್ಲ.

ಆಗಸ್ಟ್ ಕೊನೆಗೆ ಮತ್ತೆ ಆ ಅಂಗಡಿಗೆ ಹೋದಾಗ ಹುಡುಗ ಕೇಳಿದ: "ಅಕ್ಕ, ನಿಮ್ಮ ತೋಟದ ಬೇಲಿಯಲ್ಲಿ ತೋಕ್ ಪೂ ಉಂಟಾ? ಬೆಂಗಳೂರಿನ ಡೆಕೋರೇಷನ್‌ನವರು ಕೇಳ್ತಿದ್ದಾರೆ, ಒಳ್ಳೆ ರೇಟು ಕೊಡ್ತಾರೆ." ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಕೋವಿಯ ಬಾಯಿಗೆ ಸಿಕ್ಕಿಸುವ ಅದೇ ಅಗ್ನಿಶಿಖೆ. ಬುಡ ಹಳದಿ, ತುದಿ ಕೆಂಪು, ಎಸಳೆಲ್ಲ ಹಿಂದಕ್ಕೆ ಬಾಗಿ ಉರಿಯುವ ಹಾಗೆ ಕಾಣುತ್ತದೆ. ವಿದೇಶದ ಹೂವಿನಂಗಡಿಗಳಲ್ಲಿ ಗ್ಲೋರಿಯೋಸಾ ಅಂತ ಕಡ್ಡಿ ಲೆಕ್ಕದಲ್ಲಿ ಮಾರುತ್ತಾರೆ. ಆದರೆ ಗಿಡವೆಲ್ಲ ವಿಷ, ಗೆಡ್ಡೆಯಂತೂ ಘೋರ ವಿಷ, ಮಕ್ಕಳಿರುವ ಮನೆಯಲ್ಲಿ ಹುಷಾರಾಗಿರಬೇಕು.

ಹಬ್ಬಕ್ಕೆ ಬೇಕಾದಷ್ಟು ಬೇಲಿಯಲ್ಲೇ ಬಿಟ್ಟು ಐದು ಹೂ ಕೊಯ್ದು ಅವನಿಗೆ ಕೊಟ್ಟೆ. ದುಡ್ಡಿನ ಬದಲು ಒಂದು ಬರ್ಡ್ ಆಫ್ ಪ್ಯಾರಡೈಸ್ ಕೊಟ್ಟ. ಮನೆಗೆ ಬಂದು ಹೇಳಿದರೆ ಅತ್ತೆಗೆ ಸಿಟ್ಟೇ ಬಂತು.

"ಐದು ತೋಕ್ ಪೂವಿಗೆ ಇದೊಂದಾ? ನಿನಗೆ ವ್ಯಾಪಾರವೇ ಗೊತ್ತಿಲ್ಲ."