ಸುಗ್ಗಿ ಚಕ್ರ: ತಿರುಗುವ ತಟ್ಟೆ ಕೂತಿತು, ಏಳು ವಾರದ ತೂತುಗಳೂ ಮುಗಿದವು

ಸಂಡೇ ಸ್ಕೂಲ್ ಗೋಡೆಗೆಂದು ಮಾಡುತ್ತಿರುವ ಇಸ್ರಾಯೇಲಿನ ಕೃಷಿವರ್ಷದ ಚಕ್ರಕ್ಕೆ ಎರಡೂ ತಟ್ಟೆ ಸಿದ್ಧವಾಗಿವೆ. ಹಿಂದಿನದು 60 ಸೆಂ.ಮೀ. ವ್ಯಾಸ, 6 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ). ಅದು ಗೋಡೆಗೆ ಭದ್ರ. ಅದರ ಮೇಲೆ ಜನವರಿಯಿಂದ ಡಿಸೆಂಬರ್, ಮಳೆ, ಬೆಳೆ. ಮುಂದಿನದು 44 ಸೆಂ.ಮೀ., 3 ಮಿ.ಮೀ. ದಪ್ಪ, ತಿರುಗುವಂಥದ್ದು, ಅದರಲ್ಲಿ ನೀಸಾನ್‌ನಿಂದ ಅದಾರ್‌ವರೆಗಿನ ಯೆಹೂದ್ಯರ ಚಾಂದ್ರಮಾಸಗಳು, ಹಬ್ಬಗಳು. ನಡುವೆ ಎಂ6 ಬೋಲ್ಟ್, ಎರಡು ನೈಲಾನ್ ವಾಷರ್, ಲಾಕ್ ನಟ್. ವಾರ್ನಿಷ್ ಎರಡೂ ಮುಖಕ್ಕೆ ಬಳಿಯಬೇಕು. ಒಂದೇ ಕಡೆ ಬಳಿದರೆ ತಟ್ಟೆ ಬಾಗಿ ಉಜ್ಜುತ್ತದೆ.

ಎರಡು ತಟ್ಟೆ ಯಾಕೆಂದರೆ, ಬೆಳೆ ಸೂರ್ಯನ ಲೆಕ್ಕ, ಹಬ್ಬ ಚಂದ್ರನ ಲೆಕ್ಕ. ತಿಂಗಳಿಗೆ 30 ಡಿಗ್ರಿಯಂತೆ ಸಮನಾಗಿ ಹಂಚುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ದಿನಕ್ಕೆ 0.9856 ಡಿಗ್ರಿ; 30 ದಿನದ ತಿಂಗಳಿಗೆ 29.57, 29 ದಿನದ್ದಕ್ಕೆ 28.58. ಸಮಪಾಲು ಮಾಡಿದರೆ ನೀಸಾನ್ 15ರ ಪಸ್ಕದಿಂದ (ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಹಬ್ಬ) ಏಳನೆಯ ತಿಂಗಳಾದ ತಿಶ್ರಿ 15ರ ಪರ್ಣಶಾಲೆಗಳ ಹಬ್ಬಕ್ಕೆ ಬರುವಷ್ಟರಲ್ಲಿ ಐದೂವರೆ ದಿನ ತಪ್ಪುತ್ತದೆ. ಸರಿಯಾಗಿ ಹಂಚಿದರೆ ಕೊನೆಗೆ 11 ಡಿಗ್ರಿ ಖಾಲಿ ಉಳಿಯುತ್ತದೆ, ಅದನ್ನು ಹಾಗೇ ಬಿಡಿ. ನಮ್ಮ ಪಂಚಾಂಗದಂತೆ ಅಲ್ಲೂ ಅಧಿಕಮಾಸವಿದೆ, 19 ವರ್ಷಕ್ಕೆ 7. ಅದಕ್ಕೆ ಬೀಸಣಿಗೆ ಆಕಾರದ 29.57 ಡಿಗ್ರಿಯ ಕಾರ್ಡನ್ನು ಅದಾರ್ ಪಕ್ಕ ಕ್ಲಿಪ್ಪಿನಿಂದ ಸಿಕ್ಕಿಸುವುದು.

ಸರಿಯಾಗಿ ಕೂತಿದೆಯೇ ನೋಡಲು ನೀಸಾನ್ 15 ಅನ್ನು ಈ ದಿನಗಳಿಗೆ ತಿರುಗಿಸಿ: 2024 ಏಪ್ರಿಲ್ 23, 2025 ಏಪ್ರಿಲ್ 13, 2026 ಏಪ್ರಿಲ್ 2, 2027 ಏಪ್ರಿಲ್ 22. ಹಿಂದೆ ಹಿಂದೆ ಸರಿದದ್ದು ಅಧಿಕಮಾಸದಿಂದಾಗಿ 2027ರಲ್ಲಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಈ ಜಿಗಿತ ಇಲ್ಲದಿದ್ದರೆ ಪಸ್ಕ ಚಳಿಗಾಲಕ್ಕೆ ಜಾರಿ, ಪ್ರಥಮಫಲದ ಸಿವುಡು, ಅಂದರೆ ಹೊಸ ಬೆಳೆಯ ಮೊದಲ ಕಟ್ಟು, ದೇವರಿಗೆ ಕೊಡೋಣವೆಂದರೆ ಹೊಲದಲ್ಲಿ ಹಸಿ ತೆನೆಯೂ ಇರುತ್ತಿರಲಿಲ್ಲ. ಹಿಂದಿನ ರಬ್ಬಿಗಳು ಅಧಿಕಮಾಸ ನಿರ್ಧರಿಸುವಾಗ ನೋಡುತ್ತಿದ್ದ ಗುರುತುಗಳಲ್ಲಿ ಜವೆಗೋಧಿ (ಬಾರ್ಲಿ) ಬಲಿತಿದೆಯೇ ಎಂಬುದೂ ಒಂದು.

ಮಳೆಯ ಪಟ್ಟಿಗೆ ನೀಲಿ: ಅಕ್ಟೋಬರ್-ನವೆಂಬರ್‌ಗೆ ತಿಳಿ, ಡಿಸೆಂಬರ್‌ನಿಂದ ಫೆಬ್ರವರಿ ಗಾಢ, ಮಾರ್ಚ್-ಏಪ್ರಿಲ್‌ಗೆ ಮತ್ತೆ ತಿಳಿ. ಧರ್ಮೋಪದೇಶಕಾಂಡ 11:14ರ ಮುಂಗಾರನ್ನು ನಮ್ಮಲ್ಲಿಯಂತೆ ಜೂನ್‌ಗೆ ಬರೆದರೆ ಕೆಲಸ ಕೆಟ್ಟಿತು; ಆಗ ಅಲ್ಲಿ ಕಣದಲ್ಲಿ ಒಕ್ಕಣೆ. ಇಂಥ ಪಟಗಳಲ್ಲಿ ಮಳೆಯನ್ನು ಮಾತ್ರ ದೇವರ ಕೊಡುಗೆಯೆಂದು ಬಣ್ಣ ಹಚ್ಚಿ, ಮೇ-ಜೂನ್ ಅನ್ನು ಬಿಳಿ ಬಿಟ್ಟಿರುತ್ತಾರೆ. ಅದು ಅರ್ಧ ಲೆಕ್ಕ. ಯೆರೆಮೀಯ 5:24ರಲ್ಲಿ ಎರಡು ಮಳೆಗಳ ಜೊತೆಗೇ ಸುಗ್ಗಿಯ ನೇಮಿತ ವಾರಗಳನ್ನೂ ದೇವರೇ ಕಾಯ್ದಿಡುತ್ತಾನೆ. ಗೋದಿ ಕೊಯ್ಲಿನಲ್ಲಿ ಗುಡುಗು ಮಳೆ ಬಂದಾಗ ಜನ ಹೆದರಿದ್ದು 1 ಸಮುವೇಲ 12ರಲ್ಲಿದೆ. ಒಣ ವಾರಗಳಿಗೂ ಕಾವಿ ಬಣ್ಣ ಹಚ್ಚಿದೆ.

ಜವೆಗೋಧಿಯ ಗೆರೆಯನ್ನು ನೇರ ಎಳೆಯದೆ ಓರೆಯಾಗಿ ಎಳೆದಿದೆ, ತಗ್ಗಿನಲ್ಲಿರುವ ಯೆರಿಕೋ ಬಯಲಿನ ಪೈರು ಬೆಟ್ಟದ ಪೈರಿಗಿಂತ ಕೆಲವು ವಾರ ಮೊದಲೇ ಮಾಗುವುದರಿಂದ. ಗೋದಿ ಅದರ ಬೆನ್ನಿಗೆ. ವಿಮೋಚನಕಾಂಡ 9:31-32ರಲ್ಲಿ ಐಗುಪ್ತದ ಆನೆಕಲ್ಲಿಗೆ ತೆನೆ ಬಿಟ್ಟ ಜವೆಗೋಧಿ ಹಾಳಾಗಿ, ಹಿಂದೆ ಬೆಳೆಯುವ ಗೋದಿ ಉಳಿದದ್ದಕ್ಕೂ ಕಾರಣ ಇದೇ ಅಂತರ. ಬೈಬಲಿನ ರೂತಳು ಹಕ್ಕಲಾಯ್ದದ್ದು, ಅಂದರೆ ಕೊಯ್ದವರು ಬಿಟ್ಟ ತೆನೆ ಆರಿಸಿದ್ದು, ಈ ಎರಡೂ ಪಟ್ಟಿಗಳ ಉದ್ದಕ್ಕೆ. ಆಕೆಯ ಒಂದು ದಿನದ ಏಫ, ಅಂದರೆ ಸುಮಾರು 22 ಲೀಟರ್, ತೋರಿಸಲು ಡಬ್ಬ ಇಡುವುದಾದರೆ ತೂಕ ನೋಡದೆ ಅಳತೆಯಿಂದ ತುಂಬಿ. ಅಂಗಡಿಯ ಸಿಪ್ಪೆ ತೆಗೆದ ಬಾರ್ಲಿ ಹೆಚ್ಚು ತೂಗುತ್ತದೆ.

ಪೈರಿಗೆ ಕುಡುಗೋಲು ಹಾಕಿದಂದಿನಿಂದ ವಾರಗಳ ಹಬ್ಬಕ್ಕೆ ಏಳು ವಾರ ಎಣಿಸಲು 49 ತೂತು, ದಿನಕ್ಕೊಂದು ಮೊಳೆ. 21 ಸೆಂ.ಮೀ. ತ್ರಿಜ್ಯದಲ್ಲಿ ದಿನಕ್ಕೆ ಸಿಗುವುದು 3.6 ಮಿ.ಮೀ. ಮಾತ್ರ. ಒಂದೇ ಸಾಲಿನಲ್ಲಿ 2 ಮಿ.ಮೀ. ತೂತು ಕೊರೆದರೆ ನಡುವಿನ ಎಂಡಿಎಫ್ ಪುಡಿಯಾಗುತ್ತದೆ. 20 ಮತ್ತು 21 ಸೆಂ.ಮೀ.ಗಳಲ್ಲಿ ಎರಡು ಸಾಲು ಮಾಡಿ, ಒಂದು ಬಿಟ್ಟು ಒಂದು ಕೊರೆದರೆ ಅಂತರ ಸುಮಾರು 7 ಮಿ.ಮೀ. ಆಗುತ್ತದೆ. ಹಿಂದೆ ರದ್ದಿ ಹಲಗೆ ಒತ್ತಿ ಹಿಡಿಯಿರಿ.

ಬಾಕಿ ಇರುವುದು ಬಿಡುವಿನ ವರ್ಷ, ಅಂದರೆ ಹೊಲವನ್ನು ಬಿತ್ತದೆ ಬಿಡುವ ಏಳನೆಯ ವರ್ಷ. ಯಾಜಕಕಾಂಡ 25:20-22ರ ಪ್ರಕಾರ ಆರನೆಯ ವರ್ಷದ ಬೆಳೆ ಮೂರು ವರ್ಷಕ್ಕೆ ಬರಬೇಕು. ಚಕ್ರದಲ್ಲಿ ಇದನ್ನು ತೋರಿಸಲಾಗದು. ಕೆಳಗೆ ದಿನಕ್ಕೆ 1 ಮಿ.ಮೀ.ನಂತೆ, ಆರನೆಯದರಿಂದ ಒಂಬತ್ತನೆಯದರವರೆಗೆ ನಾಲ್ಕು ವರ್ಷಕ್ಕೆ 146 ಸೆಂ.ಮೀ. ಉದ್ದದ ಪಟ್ಟಿ ಬರುತ್ತದೆ. ಅದನ್ನು ಜನವರಿಯಿಂದಲ್ಲ, ತಿಶ್ರಿಯಿಂದ ಕತ್ತರಿಸಬೇಕು. ಇಲ್ಲವಾದರೆ ಎಂಟನೆಯ ವರ್ಷದ ಬಿತ್ತನೆ ಏಳನೆಯದರಲ್ಲಿ ಕೂರುತ್ತದೆ.