ಸಣ್ಣ ನಾಯಿ ಎಳೆಯದೆ ನಡೆಯೋದಕ್ಕೆ ಏನು ಮಾಡಬೇಕು?

“ನಿಮ್ಮ ನಾಯಿ ಎಷ್ಟು ಚೆನ್ನಾಗಿ ಜೊತೆಗೇ ನಡೆಯುತ್ತಲ್ಲ, ಏನ್ ಮಾಡಿದ್ರಿ? ನಮ್ಮದಕ್ಕೆ ಬೆಲ್ಟ್ ಹಾಕಿದರೆ ಸಾಕು, ಒಂದೋ ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತೆ, ಇಲ್ಲಾಂದ್ರೆ ನನ್ನನ್ನೇ ಎಳ್ಕೊಂಡು ಹೋಗುತ್ತೆ.”

ನಮ್ಮ ಲೇಔಟಿನಲ್ಲಿ ನಾಯಿ ಸಾಕಿದವರು ಒಂದಲ್ಲ ಒಂದು ದಿನ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಇದು. ಕೇಳುವವರ ಹತ್ತಿರ ಇರುವುದು ಪಗ್, ಶಿಟ್ಜು, ಅಥವಾ ನಮ್ಮ ಮಲ್ಲಿಯಂಥ ಬಿಳಿ ಸ್ಪಿಟ್ಜ್. ಲ್ಯಾಬ್ರಡಾರ್ ಸಾಕಿದವರು ಕೇಳುವುದು ಕಡಿಮೆ. 30 ಕೆ.ಜಿ. ನಾಯಿ ಒಂದು ಸಲ ಜಗ್ಗಿದರೆ ಭುಜ ಹಿಡಿದುಕೊಳ್ಳುತ್ತದೆ, ಹಾಗಾಗಿ ಅವರು ಮೊದಲೇ ಟ್ರೈನರ್‌ಗೆ ದುಡ್ಡು ಕೊಟ್ಟಾಗಿರುತ್ತದೆ.

ನನ್ನ ಉತ್ತರವೂ ಅಲ್ಲೇ ಇದೆ. ಸಣ್ಣ ನಾಯಿಗೆ ನಾವು ಕಲಿಸಲು ಹೋಗುವುದೇ ಇಲ್ಲ, ಯಾಕೆಂದರೆ ಕಲಿಸದಿದ್ದರೂ ನಮ್ಮ ಕೆಲಸ ನಡೆದುಹೋಗುತ್ತದೆ. ಅದು ಎಳೆದರೆ ನಾವೂ ಎಳೆಯಬಹುದು, ಗೆಲ್ಲುವುದು ನಾವೇ. ಕೂತರೆ ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬಹುದು. ನಮಗಿರುವ ಈ ತೂಕದ ಅನುಕೂಲವನ್ನು ಬಳಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ. ನಿಮ್ಮ ನಾಯಿಯೂ 30 ಕೆ.ಜಿ. ಇದೆ ಎಂದುಕೊಂಡೇ ಬಾಗಿಲು ದಾಟಿ.

ಮೊದಲು ಆ ಕಬ್ಬಿಣದ ಚೈನ್ ಎತ್ತಿಡಿ. ಪುಟ್ಟ ಕುತ್ತಿಗೆಗೆ ಅದರ ಕೊಂಡಿಯೇ ಭಾರ. ಐದಾರು ಅಡಿಯ ಹಗುರವಾದ ನೈಲಾನ್ ಅಥವಾ ಹತ್ತಿಯ ಲೀಶ್ (ನಾಯಿ ಹಿಡಿದು ನಡೆಸುವ ಹಗ್ಗ) ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೆಂಗಳೂರಿನ ರಸ್ತೆಗೆ ಹೇಳಿದ್ದಲ್ಲ. ನಾಯಿ ಹತ್ತು ಅಡಿ ಮುಂದಿರುವಾಗ ತಿರುವಿನಲ್ಲಿ ಸ್ಕೂಟರ್ ಬಂದರೆ ಆ ಗುಂಡಿಯಿಂದ ಏನೂ ಆಗುವುದಿಲ್ಲ. ಇನ್ನು ಕುತ್ತಿಗೆಯ ಬೆಲ್ಟು. ಪಾಮೇರಿಯನ್, ಯಾರ್ಕಿ, ಚಿವಾವಾದಂಥ ಸಣ್ಣ ತಳಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿ ಸಡಿಲವಾಗಿ ನಾಳ ಚಪ್ಪಟೆಯಾಗುವ ತೊಂದರೆ ಹೆಚ್ಚು. ಬಾತು ಕೂಗಿದಂಥ ಒಣಕೆಮ್ಮು ಅದರ ಗುರುತು. ಬೆಲ್ಟ್ ಒತ್ತಿದಷ್ಟೂ ಅದು ಜಾಸ್ತಿಯಾಗುತ್ತದೆ. ಆದ್ದರಿಂದ ಹೆಸರು, ಫೋನ್ ನಂಬರಿನ ಬಿಲ್ಲೆ ಬೆಲ್ಟಿನಲ್ಲಿರಲಿ, ಲೀಶ್ ಮಾತ್ರ ಹಾರ್ನೆಸ್ಸಿಗೆ, ಅಂದರೆ ಎದೆಗೆ ಸುತ್ತಿ ಕಟ್ಟುವ ಪಟ್ಟಿಗೆ, ಸಿಕ್ಕಿಸಿ. ಸ್ಪಿಟ್ಜ್‌ನಂಥ ದಟ್ಟ ಕೂದಲಿನ ನಾಯಿಯಾದರೆ ಮನೆಗೆ ಬಂದ ಕೂಡಲೇ ಹಾರ್ನೆಸ್ ಬಿಚ್ಚಿ, ಕಂಕುಳ ಹತ್ತಿರ ಒಮ್ಮೆ ಬಾಚಣಿಗೆ ಆಡಿಸಿ. ಇಲ್ಲವಾದರೆ ಅಲ್ಲಿ ಕೂದಲು ಗಂಟುಕಟ್ಟಿ ಚರ್ಮ ಎಳೆಯುತ್ತದೆ. ಹಾರ್ನೆಸ್ ಕಂಡರೆ ಸೋಫಾ ಕೆಳಗೆ ನುಗ್ಗುವ ಎಷ್ಟೋ ನಾಯಿಗಳ ಹಟ ಬರೀ ಈ ನೋವು.

ನೆಲಕ್ಕೆ ಅಂಟಿ ಕೂರುವ ನಾಯಿಯ ವಿಷಯ ಸುಲಭ. ಎಳೆದ ದಿಕ್ಕಿಗೆ ವಿರುದ್ಧವಾಗಿ ಮೈ ಬಿಗಿಹಿಡಿಯುವುದು ಪ್ರಾಣಿಯ ಸ್ವಭಾವ. ನೀವು ಎಳೆದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಲೀಶ್ ಸಡಿಲ ಬಿಟ್ಟು ಎರಡು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಪಕ್ಕಕ್ಕೆ ತಿರುಗಿ ಕಾಯಿರಿ. ಬಂದರೆ ತಿನ್ನಲು ಏನಾದರೂ ಕೊಡಿ. ಮರಿಯಾದರೆ ಇದನ್ನೆಲ್ಲ ಮನೆಯೊಳಗೇ ಶುರುಮಾಡಿ. ಲಸಿಕೆಗಳ ಕೋರ್ಸ್ ಮುಗಿಯಲು ಸುಮಾರು 4 ತಿಂಗಳು ವಯಸ್ಸಾಗುತ್ತದೆ, ಅಲ್ಲಿಯವರೆಗೆ ಪಾರ್ವೊ ಎಂಬ ವೈರಸ್ ರೋಗದ ಭಯಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಅಡ್ಡಾಡಲು ಆ ದಿನಗಳು ಹೇಳಿಮಾಡಿಸಿದಂತಿವೆ.

ಎಳೆಯುವ ನಾಯಿಗೆ ತಾಳ್ಮೆ ಬೇಕು. ಅದು ಎಳೆಯುವುದಕ್ಕೆ ಒಂದೇ ಕಾರಣ: ಎಳೆದಾಗಲೆಲ್ಲ ಬಯಸಿದ ಜಾಗ ಸಿಕ್ಕಿದೆ. ಲೀಶ್ ಬಿಗಿಯಾದ ಕ್ಷಣ ನಿಂತುಬಿಡಿ. ಬೈಯಬೇಡಿ, ಜಗ್ಗಬೇಡಿ. ಅದು ತಿರುಗಿ ನೋಡುತ್ತದೆ, ಲೀಶ್ ಸಡಿಲವಾಗುತ್ತದೆ, ಆಗ ಹೊರಡಿ. ಮೊದಲ ವಾರ ನಿಮ್ಮ ಮನೆ ಗೇಟಿನಿಂದ ಪಕ್ಕದ ಮನೆ ಗೇಟಿಗೆ ಹೋಗುವುದರಲ್ಲೇ ವಾಕಿಂಗ್ ಮುಗಿಯಬಹುದು, ಮುಗಿಯಲಿ. ಇವತ್ತು ನಿಂತು, ನಾಳೆ ಆಫೀಸಿಗೆ ಹೊತ್ತಾಯಿತೆಂದು ಬಿಟ್ಟರೆ ಮಾತ್ರ ಕೆಟ್ಟಿತು. ಒಮ್ಮೊಮ್ಮೆ ಫಲ ಕೊಡುವ ಅಭ್ಯಾಸ ಯಾವಾಗಲೂ ಫಲ ಕೊಡುವುದಕ್ಕಿಂತ ಗಟ್ಟಿ, ಲಾಟರಿ ಚಟದ ಹಾಗೆ. ಮನೆಯಲ್ಲಿ ನಾಲ್ಕು ಜನ ವಾಕಿಂಗಿಗೆ ಕರೆದೊಯ್ಯುವುದಾದರೆ ನಾಲ್ವರೂ ನಿಲ್ಲಲೇಬೇಕು. ತಾತನೂ ಸೇರಿ.

ಜೊತೆಗೆ ನಡೆದಾಗ ತಿಂಡಿ ಕೊಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಸಣ್ಣ ನಾಯಿಗೆ ಪ್ರತಿ ಸಲ ಬಗ್ಗಿ ಕೊಡುವಷ್ಟರಲ್ಲಿ ನಮ್ಮ ಸೊಂಟ ಹೋಗುತ್ತದೆ. ನಿಂತೇ ಕೊಡಲು ಹೋದರೆ ಅದು ಕುಪ್ಪಳಿಸುವುದನ್ನು ಕಲಿಯುತ್ತದೆ. ಇದಕ್ಕೆ ಟ್ರೈನರ್‌ಗಳ ಒಂದು ಉಪಾಯವಿದೆ. ಉದ್ದ ಹಿಡಿಯ ಮರದ ಸೌಟಿನ ತುದಿಗೆ ಸ್ವಲ್ಪ ಗಟ್ಟಿ ಮೊಸರೋ ಮಸೆದ ಪನೀರೋ ಹಚ್ಚಿ, ನಿಮ್ಮ ಮೀನಖಂಡದ ಪಕ್ಕ ಇಳಿಬಿಟ್ಟು ನೆಕ್ಕಿಸಿ. ಸೌಟು ಹಿಡಿದು ರಸ್ತೆಗೆ ಇಳಿದರೆ ಜನ ನಗುತ್ತಾರೆ, ನನ್ನನ್ನು ನೋಡಿಯೂ ನಕ್ಕಿದ್ದಾರೆ. ಈಗ ಅವರೇ ಬಂದು ಪ್ರಶ್ನೆ ಕೇಳುತ್ತಿರುವುದು. ಬೇಯಿಸಿದ ಕೋಳಿ, ಕ್ಯಾರೆಟ್ ಚೂರೂ ಆಗುತ್ತದೆ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಹತ್ತಿರಕ್ಕೂ ತರಬೇಡಿ.

ಮೂಸಿ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಬಿಡಿ. ವಾಕಿಂಗ್ ಅದರದ್ದು, ನಿಮ್ಮ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಇದರ ಬೆನ್ನಿಗೇ ಬರುವ ಪ್ರಶ್ನೆ: “ಬೀದಿನಾಯಿ ಬಂದರೆ?” 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಆಪರೇಷನ್ ಮಾಡಿ ಲಸಿಕೆ ಹಾಕಿದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಅಂದರೆ ನಿಮ್ಮ ರಸ್ತೆಯ ತಿರುವಿನಲ್ಲಿ ಇರುವ ನಾಯಿಗಳು ದಿನವೂ ಸಾಮಾನ್ಯವಾಗಿ ಅವೇ. ಆಪರೇಷನ್ ಆದವುಗಳ ಕಿವಿಯ ತುದಿ ಕತ್ತರಿಸಿರುತ್ತದೆ. ಅವುಗಳ ಗಡಿ ಎಲ್ಲಿಂದ ಎಲ್ಲಿಯವರೆಗೆ, ಯಾವುದು ಬರೀ ಬೊಗಳುತ್ತದೆ, ಯಾವುದು ಮುಂದೆ ಬರುತ್ತದೆ ಎಂದು ಕೆಲವು ದಿನ ನಾಯಿಯಿಲ್ಲದೆ ಒಬ್ಬರೇ ಹೋಗಿ ನೋಡಿಕೊಂಡು ಬನ್ನಿ. ದೂರದಲ್ಲಿ ಕಂಡಾಗಲೇ ಶಾಂತವಾಗಿ ದಾರಿ ಬದಲಿಸಿ. ಹೆದರಿ ಲೀಶ್ ಬಿಗಿಹಿಡಿದರೆ ನಿಮ್ಮ ನಾಯಿಯೇ ಮೊದಲು ಬೊಗಳಲು ಶುರುಮಾಡುತ್ತದೆ. ತೀರಾ ಮೇಲೆ ಬಂದಾಗ ಎತ್ತಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಎತ್ತಿಕೊಂಡು ಓಡಬೇಡಿ, ಅಟ್ಟಿಸಿಕೊಂಡು ಬರುತ್ತವೆ.

ಬೇಸಿಗೆಯಲ್ಲಿ ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ 7 ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು.

“ಇಷ್ಟು ಕಲಿತ ಮೇಲೆ ಲೀಶ್ ಬಿಚ್ಚಿಯೇ ಓಡಾಡಿಸಬಹುದಾ?” ಎಂದೂ ಕೇಳುತ್ತಾರೆ. ನಾನು ಬಿಚ್ಚುವುದಿಲ್ಲ. ಮಲ್ಲಿ ಕರೆದರೆ ಬರುತ್ತಾಳೆ ನಿಜ, ಆದರೆ ಒಂದು ಆನೆಪಟಾಕಿ ಸಿಡಿದರೆ ಬರುವುದಿಲ್ಲ. ದೀಪಾವಳಿ ವಾರ ಹಾರ್ನೆಸ್ಸಿನ ಒಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗದಷ್ಟು ಪಟ್ಟಿ ಬಿಗಿ ಮಾಡಿ, ಬಿಲ್ಲೆಯ ಮೇಲಿನ ನಂಬರ್ ಅಳಿಸಿಲ್ಲ ಎಂದು ನೋಡಿ, ಬೆಳಕಿರುವಾಗಲೇ ವಾಕಿಂಗ್ ಮುಗಿಸುತ್ತೇವೆ. ರಾತ್ರಿ ಮೂತ್ರಕ್ಕೆ ಹೋಗುವುದು ಕಾಂಪೌಂಡಿನ ಒಳಗೇ, ಅದೂ ಲೀಶ್ ಹಾಕಿಕೊಂಡು.