ಹಾಸ್ಟೆಲ್ ವೈಫೈ, ಪೋಷಕರ ಎಸ್‌ಎಂಎಸ್ ಮತ್ತು ರಾಜ್ಯಪತ್ರ

ದೂರಸಂಪರ್ಕ ಇಲಾಖೆಯಾಗಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆಗಲಿ ಹೊಸ ನಿಯಮ ತಂದಾಗ ಅದರಲ್ಲಿ ಕಾಲೇಜುಗಳ ಪ್ರಸ್ತಾಪ ಇರುವುದು ಅಪರೂಪ. ಮೊಬೈಲ್ ಕಂಪನಿ, ಇಂಟರ್ನೆಟ್ ಸೇವಾದಾರ, ಟೆಲಿಮಾರ್ಕೆಟಿಂಗ್‌ನವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆದಿರುತ್ತಾರೆ. ಆದರೂ ಮಲೆನಾಡಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಮೇಜಿಗೆ ಅದು ಬಂದೇ ಬರುತ್ತದೆ. ಒಮ್ಮೆ ಪೊಲೀಸ್ ನೋಟಿಸಾಗಿ, ಒಮ್ಮೆ ಎಸ್‌ಎಂಎಸ್ ಕಂಪನಿಯ ಇಮೇಲ್ ಆಗಿ, ಇನ್ನೊಮ್ಮೆ ಆಡಿಟರ್ ತೆಗೆಯುವ ತಕರಾರಾಗಿ.

ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನವನ್ನೇ ನೋಡಿ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಾವಾಗ ಏನು ನಡೆಯಿತೆಂದು ಯಂತ್ರಗಳೇ ಬರೆದಿಡುವ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು, ಎಲ್ಲ ಯಂತ್ರಗಳ ಗಡಿಯಾರವನ್ನು ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಬೇಕು ಎಂದು ಅದು ಹೇಳುತ್ತದೆ. ಇದು ಅನ್ವಯಿಸುವುದು ಸೇವಾದಾರರು, ಮಧ್ಯವರ್ತಿಗಳು, ಡೇಟಾ ಸೆಂಟರ್‌ಗಳು, ‘ಬಾಡಿ ಕಾರ್ಪೊರೇಟ್’ (ಕಂಪನಿ ಮುಂತಾದ ವೃತ್ತಿ-ವ್ಯಾಪಾರ ಸಂಸ್ಥೆಗಳು) ಮತ್ತು ಸರ್ಕಾರಿ ಸಂಸ್ಥೆಗಳಿಗೆ. ಟ್ರಸ್ಟ್ ನಡೆಸುವ ಕಾಲೇಜು ಇದರೊಳಗೆ ಬರುತ್ತದೆಯೇ ಎಂದು ವಕೀಲರು ಚರ್ಚಿಸುತ್ತಿರಲಿ. ಲಾಗ್ ಇಡಲೇಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಬೇರೆ ಕಾರಣಕ್ಕೆ.

ಹಾಸ್ಟೆಲಿನ ನೂರಾರು ಮೊಬೈಲ್‌ಗಳು ಹೊರಜಗತ್ತಿಗೆ ಕಾಣುವುದು ಒಂದೇ ಐಪಿ ವಿಳಾಸವಾಗಿ (ಇಂಟರ್ನೆಟ್‌ನಲ್ಲಿನ ಗುರುತಿನ ಸಂಖ್ಯೆ). ಪೊಲೀಸರಿಂದ ಬರುವ ನೋಟಿಸಿನಲ್ಲಿ ಆ ವಿಳಾಸ ಇರುತ್ತದೆ, ಸಮಯ ಇರುತ್ತದೆ, ಒಂದೇ ವಿಳಾಸದ ಹಿಂದಿನ ಬೇರೆಬೇರೆ ಸಂಪರ್ಕಗಳನ್ನು ಗುರುತಿಸುವ ಪೋರ್ಟ್ ಸಂಖ್ಯೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಪೋರ್ಟ್ ಇಲ್ಲದೆ ಆ ನೂರಾರು ಮಂದಿಯಲ್ಲಿ ಒಬ್ಬನನ್ನು ಗುರುತಿಸಲಾಗದು. ಇನ್ನು ಸಮಯದ ವಿಚಾರ. ವಿದೇಶಿ ಕಂಪನಿ ಪೊಲೀಸರಿಗೆ ಕೊಟ್ಟ ದಾಖಲೆಯಲ್ಲಿ 18:10 ಎಂದಿದ್ದರೆ ಅದು ಬಹುಪಾಲು ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ), ಅಂದರೆ ನಮ್ಮ ರಾತ್ರಿ 11:40. ಅದನ್ನೇ ಸಂಜೆ 6:10 ಎಂದು ಓದಿಕೊಂಡರೆ, ಆ ಹೊತ್ತಿಗೆ ನಮ್ಮ ನೆಟ್‌ವರ್ಕ್ ಒಳಗೆ ಮೊಬೈಲಿಗೆ ಕೊಡುವ ಅದೇ ಒಳವಿಳಾಸ ಇನ್ನೊಬ್ಬ ಹುಡುಗನ ಮೊಬೈಲಿನಲ್ಲಿ ಇದ್ದಿರಬಹುದು. ಇಂಟರ್ನೆಟ್ ಸಂಚಾರವನ್ನು ಕಾಯುವ ಫೈರ್‌ವಾಲ್ ಯಂತ್ರದ ಗಡಿಯಾರ ನಾಲ್ಕು ನಿಮಿಷ ಹಿಂದಿದ್ದರೂ ಅಷ್ಟೇ ಅನಾಹುತ. ಆದ್ದರಿಂದ ಪೋರ್ಟ್ ಸಂಖ್ಯೆ ಯಾವುದು, ಸಮಯ ಯಾವ ವಲಯದ್ದು ಎಂದು ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲಷ್ಟೇ ಪ್ರಾಂಶುಪಾಲರ ಮೂಲಕ ಮಾಹಿತಿ ಕಳುಹಿಸುತ್ತೇವೆ. ಠಾಣೆಯವರಿಗೆ ಮೊದಮೊದಲು ಇದು ಕೊಕ್ಕೆ ಹಾಕಿದಂತೆ ಕಂಡಿತು. ಆಮೇಲೆ ಅವರೇ ನೋಟಿಸಿನಲ್ಲಿ ‘ಭಾರತೀಯ ಕಾಲಮಾನ’ ಎಂದು ಬರೆಯತೊಡಗಿದರು.

ಲಾಗ್ ಇಡುವುದಕ್ಕೆ ಜಾಗ ಬೇಕು. ಫೈರ್‌ವಾಲ್‌ನ ಸ್ವಂತ ಡಿಸ್ಕ್ ಹಾಸ್ಟೆಲ್ ಸಂಚಾರದ ಭರಕ್ಕೆ ಕೆಲವೇ ದಿನಗಳಲ್ಲಿ ತುಂಬಿ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಪ್ರತ್ಯೇಕ ಸರ್ವರ್ ಬೇಕೆಂದು ಕೇಳಿದರೆ ಖರೀದಿ ಸಮಿತಿಯಲ್ಲಿ ಬರುವ ಮೊದಲ ಪ್ರಶ್ನೆ, ಇದರಿಂದ ಇಂಟರ್ನೆಟ್ ವೇಗ ಹೆಚ್ಚಾಗುತ್ತದೆಯೇ ಎಂದು. ಹೆಚ್ಚಾಗುವುದಿಲ್ಲ. ನಿಯಮಪಾಲನೆಯ ಖರ್ಚು ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ನಾನು ತಂತ್ರಜ್ಞಾನದ ಮಾತನ್ನು ಕಡಿಮೆ ಮಾಡಿ, ನೋಟಿಸ್ ಬಂದರೆ ಏನು ಉತ್ತರ ಕೊಡುತ್ತೀರಿ ಎಂಬ ಒಂದು ಸಾಲನ್ನು ಮೊದಲು ಬರೆಯುತ್ತೇನೆ.

ಎಸ್‌ಎಂಎಸ್ ಕಥೆ ಇನ್ನೂ ಸ್ವಾರಸ್ಯಕರ. ಅನಪೇಕ್ಷಿತ ವಾಣಿಜ್ಯ ಸಂದೇಶಗಳನ್ನು ತಡೆಯಲು ಟ್ರಾಯ್ 2018ರಲ್ಲಿ ನಿಯಮಾವಳಿ ತಂದಿತು. ಅದರಂತೆ ಸಂಸ್ಥೆ ನೋಂದಣಿಯಾಗಬೇಕು, ಕಳುಹಿಸಿದವರ ಹೆಸರಾಗಿ ಕಾಣುವ ಆರು ಅಕ್ಷರದ ಹೆಡರ್‌ಗೆ ಒಪ್ಪಿಗೆ ಪಡೆಯಬೇಕು, ಕಳುಹಿಸುವ ಪ್ರತಿ ಸಂದೇಶದ ಟೆಂಪ್ಲೇಟ್ (ಸಿದ್ಧ ಮಾದರಿ) ಮುಂಚೆಯೇ ಅನುಮೋದನೆಯಾಗಿರಬೇಕು. 2021ರ ಮಾರ್ಚ್‌ನಲ್ಲಿ ಸಂದೇಶಗಳನ್ನು ಟೆಂಪ್ಲೇಟ್‌ಗೆ ಹೋಲಿಸುವ ತಪಾಸಣೆ ಶುರುವಾದ ಕೂಡಲೇ ದೇಶದಾದ್ಯಂತ ಬ್ಯಾಂಕ್ ಓಟಿಪಿಗಳೇ ನಿಂತುಹೋಗಿ, ಆ ತಪಾಸಣೆಯನ್ನೇ ಒಂದು ವಾರ ತಡೆಹಿಡಿಯಬೇಕಾಯಿತು. ಬ್ಯಾಂಕುಗಳ ಪಾಡೇ ಹಾಗಾದರೆ ಗೈರುಹಾಜರಿ ಸಂದೇಶ ಕಳುಹಿಸುವ ಕಾಲೇಜಿನ ಪಾಡು ಕೇಳಬೇಡಿ.

ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದೂ ನಾವು ಎಣಿಸುವ ಅಕ್ಷರವಲ್ಲ. ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ‘ವಿದ್ಯಾರ್ಥಿ’ ಎಂಬ ಒಂದೇ ಪದ 10 ಸ್ಥಾನ ನುಂಗುತ್ತದೆ. 70 ದಾಟಿದರೆ ಎರಡು ಎಸ್‌ಎಂಎಸ್‌ನ ದರ. ಇಷ್ಟಾದರೂ ಪೋಷಕರಲ್ಲಿ ಅನೇಕರು ಕನ್ನಡ ಮಾತ್ರ ಓದುವವರಾದ್ದರಿಂದ ನಾವು ಕನ್ನಡವನ್ನು ಬಿಡಲಿಲ್ಲ. ‘ನಿಮ್ಮ ಮಗ/ಮಗಳು’ ಎಂಬುದನ್ನು ತೆಗೆದು ಹೆಸರಷ್ಟನ್ನೇ ಉಳಿಸಿದೆವು. ಟೆಂಪ್ಲೇಟಿನಲ್ಲಿ ಹೆಸರಿಗೆ ಬಿಟ್ಟ ಖಾಲಿ ಜಾಗಕ್ಕೂ 30 ಅಕ್ಷರದ ಮಿತಿ ಇದೆ. ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಸೇರಿದ ಉತ್ತರ ಕರ್ನಾಟಕದ ಹೆಸರುಗಳು ಅಲ್ಲಿ ಕೂರುವುದಿಲ್ಲ.

ಜುಲೈ ಮಳೆಗೆ ಜಿಲ್ಲಾಧಿಕಾರಿ ಬೆಳಗ್ಗೆ ರಜೆ ಘೋಷಿಸಿದಾಗ ಆ ಕ್ಷಣಕ್ಕೆ ಹೊಸ ಸಾಲು ಬರೆದು ಕಳುಹಿಸುವಂತಿಲ್ಲ. ಹೀಗಾಗಿ ಮಳೆ ರಜೆ, ಪರೀಕ್ಷೆ ಮುಂದೂಡಿಕೆ, ಶುಲ್ಕದ ಕೊನೆಯ ದಿನ ಇವೆಲ್ಲದರ ಟೆಂಪ್ಲೇಟ್‌ಗಳನ್ನು ಬೇಸಿಗೆ ರಜೆಯಲ್ಲೇ ಅನುಮೋದನೆ ಮಾಡಿಸಿ ಇಡುತ್ತೇವೆ. 2024ರ ಅಕ್ಟೋಬರ್‌ನಿಂದ ಸಂದೇಶದೊಳಗಿನ ಲಿಂಕ್ ಕೂಡ ಮುಂಚೆಯೇ ನೋಂದಣಿಯಾಗಿರಬೇಕು. ಶುಲ್ಕ ಪಾವತಿ ವ್ಯವಸ್ಥೆ ಬದಲಾದಾಗ ಲೆಕ್ಕಪತ್ರ ವಿಭಾಗ ಮೊದಲು ನನಗೆ ಹೇಳಬೇಕು ಎಂಬ ಪದ್ಧತಿ ಅದರಿಂದಲೇ ಬಂತು.

ಈ ಕಾಟ ಬೇಡವೆಂದು ಅನೇಕ ಕಾಲೇಜುಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋದವು. ನನಗೆ ಇದು ಸರಿ ಕಾಣುವುದಿಲ್ಲ. ಪೋಷಕರನ್ನು ಸ್ಪ್ಯಾಮ್‌ನಿಂದ ಕಾಪಾಡಲು ಮಾಡಿದ ನಿಯಮದಿಂದ ತಪ್ಪಿಸಿಕೊಳ್ಳಲು, ಎಲ್ಲ ಪೋಷಕರ ಮೊಬೈಲ್ ಸಂಖ್ಯೆಯನ್ನು ಎಲ್ಲರ ಕೈಗೂ ಕೊಟ್ಟ ಹಾಗಾಯಿತು. ವಿದ್ಯಾರ್ಥಿನಿಯರ ಗುಂಪುಗಳ ವಿಷಯದಲ್ಲಂತೂ ಇದು ತೀರಾ ಬೇಜವಾಬ್ದಾರಿ.

ಎಲ್ಲ ಬದಲಾವಣೆಯೂ ಹೊರೆಯೇ ಎನ್ನಲಾಗದು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ವಲಯದ 605 ಮೆಗಾಹರ್ಟ್ಸ್ ತರಂಗಾಂತರವನ್ನು ಪರವಾನಗಿ ಇಲ್ಲದೆ ಹೊರಾಂಗಣದಲ್ಲೂ ಬಳಸಲು ಅವಕಾಶ ಸಿಕ್ಕಿತು. ಗ್ರಂಥಾಲಯದ ಹೊರಗಿನ ಕಟ್ಟೆಯಲ್ಲಿ ಕೂತವರಿಗೂ ಒಳ್ಳೆಯ ವೈಫೈ ಕೊಡಲು ಸಾಧ್ಯವಾದದ್ದು ಅದರಿಂದ. 6 ಗಿಗಾಹರ್ಟ್ಸ್‌ನ ಕೆಳಭಾಗಕ್ಕೆ ಸಂಬಂಧಿಸಿದ ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಅದಕ್ಕೂ ಎಷ್ಟೋ ಮುಂಚೆ ಮಾರಾಟಗಾರರು ಆ ತರಂಗಾಂತರ ಬಳಸುವ ‘ವೈಫೈ 6ಇ’ ಉಪಕರಣ ಹಿಡಿದು ಬಾಗಿಲಿಗೆ ಬಂದಿದ್ದರು. ಇಲ್ಲಿ ಆ ತರಂಗಾಂತರಕ್ಕೆ ಅನುಮತಿಯೇ ಇಲ್ಲವಲ್ಲ ಎಂದರೆ ಮಾತು ಬೇರೆ ಕಡೆ ತಿರುಗುತ್ತಿತ್ತು. ಕರಪತ್ರ ಪಕ್ಕಕ್ಕಿಟ್ಟು ರಾಜ್ಯಪತ್ರದ ಮೂಲ ಪಠ್ಯವನ್ನು ಓದುವುದು, ಇದರಿಂದ ನಮ್ಮಲ್ಲಿ ಯಾವ ಯಂತ್ರ, ಯಾವ ಅರ್ಜಿ ನಮೂನೆ ಬದಲಾಗಬೇಕು ಎಂದು ಅಂಚಿನಲ್ಲೇ ಗುರುತು ಹಾಕುವುದು ನನಗೆ ಆಗಿನಿಂದ ರೂಢಿ.

ಸದ್ಯ ಮೇಜಿನ ಮೇಲಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವಿದೆ. 18 ವರ್ಷ ತುಂಬದವರೆಲ್ಲ ಕಾಯ್ದೆಯ ಪ್ರಕಾರ ಮಕ್ಕಳು; ಪಿಯುಸಿ ಮುಗಿಸಿ ನೇರವಾಗಿ ಬರುವ ನಮ್ಮ ಮೊದಲ ಸೆಮಿಸ್ಟರ್‌ನವರಲ್ಲಿ ಬಹಳ ಮಂದಿಗೆ 17. ಕಲಿಕೆ ಮತ್ತು ಸುರಕ್ಷತೆಗೆ ಬೇಕಾದ ನಿಗಾದ ವಿಷಯದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ರಿಯಾಯಿತಿ ಇದೆ, ಪ್ರಾಯೋಜಕರಿಗೆ ವಿದ್ಯಾರ್ಥಿಗಳ ಪಟ್ಟಿ ಕೊಡುವುದು ಅದರಲ್ಲಿ ಸೇರುವುದಿಲ್ಲ. ಲಾಗ್‌ಗಳ ವಿಚಾರದಲ್ಲೂ 180 ದಿನದ ಲೆಕ್ಕ ಸಾಲದು. ವೈಯಕ್ತಿಕ ದತ್ತಾಂಶಕ್ಕೆ ಸಂಬಂಧಿಸಿದವನ್ನು ಒಂದು ವರ್ಷ ಇಡಬೇಕು. ಮತ್ತೆ ಖರೀದಿ ಸಮಿತಿ.

ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಪ್ರವೇಶ ಅರ್ಜಿಗೆ ಲಗತ್ತಿಸಲು ಒಂದು ಪುಟದ ಕನ್ನಡ ಕರಡು ಬರೆದು ಕೊಟ್ಟಿದ್ದೇನೆ. ಟ್ರಸ್ಟಿನ ವಕೀಲರು ಅದಕ್ಕೆ ನಾಲ್ಕು ಪುಟ ಸೇರಿಸಿ ಹಿಂದಿರುಗಿಸಿದ್ದಾರೆ. ಮುಂದಿನ ಪ್ರವೇಶಾತಿಗೆ ಮೊದಲು ಅದನ್ನು ಎರಡು ಪುಟಕ್ಕೆ ಇಳಿಸುವ ಮಾತುಕತೆ ನಡೆದಿದೆ.